ಒಂದು ವ್ಯಾಟಿನ ಸುಖ

ಮನೆಗೆ ಒಂದು ಜೊತೆ ಸ್ಪೀಕರ್ ಕೊಳ್ಳಬೇಕೆಂದಿದ್ದೇನೆ ಎಂದು ನಾಲ್ಕು ಜನರ ಎದುರು ಬಾಯಿಬಿಟ್ಟು ನೋಡಿ. ‘ಎಷ್ಟು ವ್ಯಾಟು?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಯಾವ ಸಂಗೀತ ಕೇಳುತ್ತೀರಿ, ಕೋಣೆ ಎಷ್ಟು ದೊಡ್ಡದು, ಎಲ್ಲಿ ಕೂರುತ್ತೀರಿ ಎಂಬುದೆಲ್ಲ ಆಮೇಲೆ. ಬಹಳ ಸಲ ಬರುವುದೇ ಇಲ್ಲ. ಬೆಂಗಳೂರಿನ ನಮ್ಮ ಜೆ.ಪಿ. ನಗರದಲ್ಲಿ ಸೈಟು ಅಂದರೆ ಚದರಡಿ, ಕಾರು ಅಂದರೆ ಮೈಲೇಜು, ಹುಡುಗ ಅಂದರೆ ಪ್ಯಾಕೇಜು. ಸ್ಪೀಕರ್ ಮಾತ್ರ ಅಂಕಿಯಿಲ್ಲದೆ ತಪ್ಪಿಸಿಕೊಳ್ಳುವುದುಂಟೆ?

ತೊಂಬತ್ತರ ದಶಕದಲ್ಲಿ ಈ ಹುಚ್ಚು ನೆತ್ತಿಗೇರಿತ್ತು. ಅಂಗೈಯಗಲದ ಸ್ಪೀಕರಿದ್ದ ಟೇಪ್‌ರೆಕಾರ್ಡರುಗಳ ಮೇಲೂ ಬೆಳ್ಳಿ ಬಣ್ಣದ ಸ್ಟಿಕ್ಕರಿನಲ್ಲಿ ‘1000 ವ್ಯಾಟ್ ಪಿ.ಎಂ.ಪಿ.ಒ.’ ಎಂದು ಮಿನುಗುತ್ತಿತ್ತು. ಅದು ಹೇಗೆ ಅಳೆಯಬೇಕೆಂಬ ಒಪ್ಪಂದವೇ ಇಲ್ಲದ ಅಳತೆ. ಅವರವರ ಔದಾರ್ಯಕ್ಕೆ ತಕ್ಕಂತೆ ಸೊನ್ನೆ ಸೇರಿಸಿಕೊಳ್ಳಬಹುದಿತ್ತು. ಪೆಟ್ಟಿಗೆ ತಿರುಗಿಸಿ ಬೆನ್ನು ನೋಡಿದರೆ, ಅದು ಗೋಡೆಯ ಪ್ಲಗ್ಗಿನಿಂದ ಎಳೆದುಕೊಳ್ಳುವ ವಿದ್ಯುತ್ತು ಇಪ್ಪತ್ತೋ ಮೂವತ್ತೋ ವ್ಯಾಟ್ ಎಂದು ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಇಪ್ಪತ್ತು ತೆಗೆದುಕೊಂಡು ಸಾವಿರ ಕೊಡುವ ಯಂತ್ರ ಭೌತಶಾಸ್ತ್ರದ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಮನೆಯ ಲೆಕ್ಕ ಬೇರೆ. ಸಾಧಾರಣ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೆ ಮೀಟರು ದೂರದಲ್ಲಿ 87 ಡೆಸಿಬೆಲ್ ಆಸುಪಾಸಿನ ಸದ್ದು ಹೊರಡುತ್ತದೆ. ಇದಕ್ಕೆ ಸೆನ್ಸಿಟಿವಿಟಿ ಎನ್ನುತ್ತಾರೆ, ಡಬ್ಬದ ಮೇಲೆ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಸಂಜೆ ಕಾಫಿ ಹಿಡಿದು ಸೋಫಾದಲ್ಲಿ ಕೂತು ಹಾಡು ಕೇಳುವವನಿಗೆ 70 ಡೆಸಿಬೆಲ್ ಧಾರಾಳವಾಯಿತು. ಎಂದರೆ ಸರಾಸರಿಗೆ ಒಂದು ವ್ಯಾಟೂ ಖರ್ಚಾಗುವುದಿಲ್ಲ. ಆ ಒಂದು ವ್ಯಾಟಿನಲ್ಲೂ ಸದ್ದಾಗುವುದು ಸಾವಿರಕ್ಕೆ ಮೂರು ಪಾಲು; ಮಿಕ್ಕದ್ದು ಕಾವಾಗಿ ಹೋಗುತ್ತದೆ. ನಮ್ಮ ಜೆ.ಪಿ. ನಗರ ಎರಡನೇ ಹಂತದ ರಂಗಶಂಕರ ನಾಟಕಮಂದಿರದಲ್ಲಿ ಮೈಕಿನ ಹಂಗಿಲ್ಲದೆ ಆಡಿದ ಮಾತು ಹಿಂದಿನ ಸಾಲಿಗೂ ಮುಟ್ಟುವುದನ್ನು ಕೇಳಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಸದ್ದು ಅಗ್ಗದ ಪದಾರ್ಥ. 1939ರಿಂದ ರಾಮನವಮಿ ಕಛೇರಿ ನಡೆಸಿಕೊಂಡು ಬಂದಿರುವ ಶ್ರೀರಾಮ ಸೇವಾ ಮಂಡಳಿಯವರು ಕೋಟೆ ಹೈಸ್ಕೂಲ್ ಮೈದಾನದಲ್ಲಿ ಸಾವಿರಾರು ಜನರಿಗೆ ಕೇಳಿಸಬೇಕು, ಅವರಿಗೆ ವ್ಯಾಟು ಬೇಕು. ನನಗೆ ಕೇಳಿಸಬೇಕಾದ್ದು ಒಂದು ಜೊತೆ ಕಿವಿಗೆ.

ಸೊನ್ನೆ ವ್ಯಾಟಿನಲ್ಲೂ ಜನ ತಲೆದೂಗಿದ್ದಾರೆ. ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ತಗಡಿನ ಕೊಂಬಿನೊಳಕ್ಕೆ ಹಾಡಿದ್ದು ರೆಕಾರ್ಡಾಯಿತು. ಅದನ್ನು ನುಡಿಸಿದ ಗ್ರಾಮಫೋನು ಕೀಲಿ ತಿರುಗಿಸಿದರೆ ಓಡುವಂಥದು, ವಿದ್ಯುತ್ತಿನ ಮಾತೇ ಇಲ್ಲ. ಆ ಗೌಹರ್ ಜಾನ್ ಕೊನೆಗೆ ನಾಲ್ವಡಿಯವರ ಆಸ್ಥಾನಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಣುಮುಚ್ಚಿದರು. ಅದಕ್ಕೆ ಐದು ವರ್ಷ ಮುಂಚೆ, 1925ರಲ್ಲಿ, ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು ಅಯಸ್ಕಾಂತದ ನಡುವೆ ತಂತಿಸುರುಳಿ ಕಟ್ಟಿದ ಕಾಗದದ ಶಂಕುವನ್ನು ಅಲುಗಿಸಿ ತೋರಿಸಿದ್ದರು. ಇವತ್ತು ಲಕ್ಷ ರೂಪಾಯಿ ಕೊಟ್ಟು ತಂದರೂ ಜಾಲರಿ ಬಿಚ್ಚಿದರೆ ಸಾಮಾನ್ಯವಾಗಿ ಒಳಗಿರುವುದು ಅದರ ಮೊಮ್ಮಗುವೇ.

ಮನೆಯಲ್ಲಿ ಕೂತು ಸಂಗೀತ ಕೇಳುವ ಚಟದಲ್ಲಿ ಕನ್ನಡನಾಡಿನ ಅಗ್ರಪೂಜೆ ಜಯಚಾಮರಾಜ ಒಡೆಯರಿಗೆ ಸಲ್ಲಬೇಕು. ತೊಂಬತ್ತನಾಲ್ಕು ರಾಗಗಳಲ್ಲಿ ತೊಂಬತ್ತನಾಲ್ಕು ಕೃತಿ ರಚಿಸಿದ ಈ ದೊರೆ ಪಾಶ್ಚಾತ್ಯ ಸಂಗೀತದಲ್ಲೂ ಮುಳುಗಿದವರು. ರಷ್ಯದ ಸಂಗೀತ ರಚನಕಾರ ಮೆಟ್ನರ್ ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದಾಗ, 1940ರ ದಶಕದ ಕೊನೆಯಲ್ಲಿ, ಅವನ ಕೃತಿಗಳನ್ನು ರೆಕಾರ್ಡ್ ಮಾಡಿಸಿದ್ದು ಮೈಸೂರಿನ ದುಡ್ಡು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು. ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದವನು ಅರಮನೆಯ ರೆಕಾರ್ಡುಗಳ ರಾಶಿಯನ್ನೂ ಬಗೆಬಗೆಯ ಧ್ವನಿವರ್ಧಕಗಳನ್ನೂ ಕಂಡು ಬೆರಗಾದ. ಸ್ಪೀಕರುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವ ಭಾಗ್ಯ ಅರಮನೆಯಲ್ಲಿತ್ತು. ನಾವು ಅದನ್ನು ಅಂಗಡಿಯಲ್ಲಿ ಮಾಡಬೇಕು, ಅದೂ ಅಂಗಡಿಯವರ ಮುಖ ಕೆಡುವುದರೊಳಗೆ.

ಅಂಗಡಿಗೆ ಹೊರಡುವ ಮೊದಲು ಹಾಲ್ ನೋಡಬೇಕು. ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಗಳ ಹಾಲ್ ಹೆಚ್ಚುಕಡಿಮೆ ಹನ್ನೆರಡಕ್ಕೆ ಹದಿನೈದು ಅಡಿ; ನಮ್ಮದೂ ಅಷ್ಟೇ. ನೆಲಕ್ಕೆ ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಒಂದು ಪಕ್ಕ ಗಾಜಿನ ಕಿಟಕಿ, ಇನ್ನೊಂದು ಪಕ್ಕ ಬೊಂಬೆಗಳ ಶೋಕೇಸು. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಅದರ ಬಾಲಕ್ಕೆ ‘ಟ್ರಿಂಗ್’ ಎಂಬ ಸದ್ದು ಅಂಟಿಕೊಂಡು ಬರುತ್ತದೆ. ಎದುರುಬದುರು ಗೋಡೆಗಳು ಸದ್ದನ್ನು ಹಿಂದಕ್ಕೂ ಮುಂದಕ್ಕೂ ತಳ್ಳಾಡುವ ಸೂಚನೆ ಅದು. ಬೆಂಗಳೂರಿನ ಹವೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರು ಓಡುತ್ತದೆ; ಹದಿನೈದಡಿ ಉದ್ದದ ಹಾಲಿನಲ್ಲಿ 38 ಹರ್ಟ್ಸ್ ಹತ್ತಿರ, ಹನ್ನೆರಡಡಿ ಅಗಲದಲ್ಲಿ 47ರ ಹತ್ತಿರ ಕೋಣೆಯೇ ತಾನಾಗಿ ಗುಂಯ್‌ಗುಡುತ್ತದೆ. ಇಂಥ ಕೋಣೆಗೆ ದೊಡ್ಡ ಸಬ್‌ವೂಫರ್ ತಂದಿಟ್ಟರೆ ಆ ಗುಂಯ್‌ಗೆ ಇನ್ನಷ್ಟು ಕುಮ್ಮಕ್ಕು ಕೊಟ್ಟಂತೆ.

ನಮ್ಮ ಸಂಗೀತಕ್ಕೆ ಅಷ್ಟು ಆಳ ಬೇಕೇ ಎಂಬುದೂ ಪ್ರಶ್ನೆ. ಹಾರ್ಮೋನಿಯಂನ ಬಿಳಿ ಒಂದಕ್ಕೆ ಶ್ರುತಿ ಮಾಡಿಕೊಂಡು ಹಾಡುವ ಗಂಡು ದನಿಯ ಷಡ್ಜ 131 ಹರ್ಟ್ಸ್. ಹಿಂದೆ ಮಿಡಿಯುವ ತಂಬೂರಿಯ ಮಂದ್ರ ಷಡ್ಜ ಅದರ ಅರ್ಧ, 65ರ ಹತ್ತಿರ. ಆರೂವರೆ ಇಂಚಿನ ವೂಫರ್ ಇರುವ ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್ ಐವತ್ತರವರೆಗೆ ಆರಾಮಾಗಿ ಇಳಿಯುತ್ತದೆ. ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠವಾಗಲಿ, ದೊರೆಸ್ವಾಮಿ ಅಯ್ಯಂಗಾರರ ವೀಣೆಯಾಗಲಿ, ರಾಜನ್-ನಾಗೇಂದ್ರರ ಚಿತ್ರಗೀತೆಯಾಗಲಿ ಅದರಲ್ಲಿ ಇಡಿಯಾಗಿ ಸಿಗುತ್ತದೆ. ಎದೆಗೂಡು ನಡುಗಿಸುವ ಇತ್ತೀಚಿನ ಹಾಡುಗಳು ಬೇಕೆನ್ನುವವರ ದಾರಿ ಬೇರೆ. ಅವರ ಅಕ್ಕಪಕ್ಕದ ಮನೆಯವರ ಪಾಡೂ ಬೇರೆ.

ಹೀಗೆ ಮನಸ್ಸಿನಲ್ಲಿ ಗಂಟು ಹಾಕಿಕೊಂಡು, ಒಂದು ಪೆನ್‌ಡ್ರೈವ್ ಜೇಬಿಗಿಳಿಸಿ ಹೊರಟೆ. ಜೆ.ಪಿ. ನಗರ ಸ್ಟೇಷನ್ನಿನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆ ಕಾಲಳತೆಯಲ್ಲಿದೆ. ವೈರು, ಟ್ರಾನ್ಸ್‌ಫಾರ್ಮರು, ಬಿಚ್ಚಿದ ಸ್ಪೀಕರ್ ಕೋನು, ಯಾರೋ ಮಾರಿಹೋದ ಹಳೆಯ ಆಂಪ್ಲಿಫಯರು ಎಲ್ಲ ಅಲ್ಲಿ ಸಿಗುತ್ತವೆ. ಕೂತು ಕೇಳುವ ಜಾಗವೊಂದು ಸಿಗುವುದಿಲ್ಲ. ಅದಕ್ಕೆ ಶೋರೂಮಿಗೇ ಹೋಗಬೇಕು. ಅಲ್ಲಿ ದಪ್ಪ ಪರದೆ, ಮೆತ್ತನೆ ಗೋಡೆ, ತಣ್ಣನೆ ಎ.ಸಿ. ಮಾರುವವರು ತಮ್ಮದೇ ಹಾಡು ಹಾಕುತ್ತಾರೆ: ಒಂದು ಪಿಯಾನೋ, ಒಂದು ಬೇಸ್, ಒಬ್ಬಾಕೆ ಪಿಸುಗುಟ್ಟುವಂತೆ ಹಾಡುವ ಜಾಝ್. ಅದರಲ್ಲಿ ಯಾವ ಸ್ಪೀಕರೂ ಚೆನ್ನಾಗಿಯೇ ಕೇಳಿಸುತ್ತದೆ. ಇನ್ನೊಂದು ಕೈಚಳಕವೂ ಉಂಟು. ಎರಡು ಸ್ಪೀಕರುಗಳಲ್ಲಿ ಯಾವುದು ಕೂದಲೆಳೆಯಷ್ಟು ಜೋರೋ ಅದೇ ಒಳ್ಳೆಯದೆಂದು ಕಿವಿ ತೀರ್ಪು ಕೊಡುತ್ತದೆ. ಆದ್ದರಿಂದ ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದು ಹೋಲಿಸಿ ಎಂದು ಬಾಯಿಬಿಟ್ಟು ಕೇಳಬೇಕು.

ನನ್ನ ಪೆನ್‌ಡ್ರೈವಿನಲ್ಲಿ ಮೊದಲು ಇದ್ದದ್ದು ಹಾಡಲ್ಲ, ಬರೀ ತಂಬೂರಿ. ಮಾರಾಟದ ಹುಡುಗ ಹಾಡು ಯಾವಾಗ ಶುರುವಾಗುತ್ತದೆ ಎಂಬಂತೆ ನನ್ನ ಮುಖ ನೋಡಿದ. ಮೊದಲ ಜೋಡಿಯಲ್ಲಿ ನಾಲ್ಕು ತಂತಿ ನಾಲ್ಕಾಗಿಯೇ ಕೇಳಿದವು: ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜ. ಮಿಡಿದ ಏಟು ಸ್ಪಷ್ಟ, ಆಮೇಲೆ ಅದು ಸಪ್ಪಗೆ ಕರಗಿಹೋಗುತ್ತಿತ್ತು. ಎರಡನೆಯ ಜೋಡಿಯಲ್ಲಿ ಏಟು ಮೆತ್ತಗಾಯಿತು. ಬದಲಿಗೆ ಮಿಡಿದ ಮೇಲೆ ನಾದ ನಿಧಾನವಾಗಿ ಮೇಲೇಳತೊಡಗಿತು. ತಂತಿ ಮತ್ತು ಕುದುರೆಯ ನಡುವೆ ಸಿಕ್ಕಿಸುವ ಜೀವದ ನೂಲು ಇದೆಯಲ್ಲ, ಅದರ ಸಣ್ಣ ಝೇಂಕಾರ ಒಂದರ ಹಿಂದೊಂದು ಉಪಸ್ವರಗಳನ್ನು ಬಿಡಿಸುತ್ತಾ ಹೋಯಿತು, ಮಂದ್ರ ಷಡ್ಜದೊಳಗಿನಿಂದ ಅಂತರ ಗಾಂಧಾರ ತಾನಾಗಿ ಕೇಳಿಸಿತು. ಯಾರೂ ಮಿಡಿಯದ ಸ್ವರ ಅದು. ಇದರ ಗುಟ್ಟನ್ನು ಸಿ.ವಿ. ರಾಮನ್ ಬೆಂಗಳೂರಿಗೆ ಬರುವ ಮೊದಲೇ, ಕಲ್ಕತ್ತೆಯಲ್ಲಿದ್ದಾಗ, 1921ರ ಲೇಖನವೊಂದರಲ್ಲಿ ಬಿಡಿಸಿಟ್ಟಿದ್ದರು. ತಂತಿಯನ್ನು ಮಿಡಿದ ಜಾಗಕ್ಕೆ ತಕ್ಕಂತೆ ಕೆಲವು ಉಪಸ್ವರ ಹುಟ್ಟಲೇಬಾರದೆಂಬುದು ಹಳೆಯ ನಿಯಮ. ತಂಬೂರಿ ಮತ್ತು ವೀಣೆಯ ಬಾಗಿದ ಕುದುರೆ ಆ ನಿಯಮವನ್ನು ಮೀರುತ್ತದೆ. ಅದಕ್ಕೂ ಹಿಂದಿನ ವರ್ಷ ಅವರು ಮೃದಂಗದ ಕರಣೆ ಚರ್ಮದ ಒರಟು ಸದ್ದನ್ನು ಹೇಗೆ ಸ್ವರವಾಗಿಸುತ್ತದೆ ಎಂದು ತೋರಿಸಿದ್ದರು. ನಮ್ಮ ವಾದ್ಯಗಳ ಸೊಗಸೆಲ್ಲ ಈ ಉಪಸ್ವರಗಳಲ್ಲಿದೆ. ಸ್ಪೀಕರ್ ಅವನ್ನು ನುಂಗಿದರೆ ಸಾವಿರ ವ್ಯಾಟ್ ಕೊಟ್ಟರೂ ವಾಪಸು ಬರುವುದಿಲ್ಲ. ಎರಡನೆಯ ಜೋಡಿಯೇ ಸರಿ ಎಂದೆ. ಹುಡುಗನಿಗೆ ಹಾಡು ಕೇಳಿಸಲೇ ಇಲ್ಲ.

ಸ್ಪೀಕರ್ ನಿಶ್ಚಯವಾದ ಮೇಲೆ ಅದಕ್ಕೆ ಶಕ್ತಿ ಕೊಡುವ ರಿಸೀವರ್. ಈ ಕ್ರಮ ಮುಖ್ಯ. ರಿಸೀವರ್ ಪಕ್ಕವಾದ್ಯದಂತೆ, ಹಾಡುವವರು ಯಾರೆಂದು ಗೊತ್ತಾಗದೆ ಪಿಟೀಲಿಗೆ ಯಾರನ್ನು ಕರೆಯಬೇಕೆಂದು ತೀರ್ಮಾನಿಸಲಾಗದು. ಅಂಗಡಿಗಳಲ್ಲಿ ಎದ್ದು ಕಾಣುವುದು ಸಿನಿಮಾಕ್ಕಾಗಿ ಮಾಡಿದ ಎ.ವಿ. ರಿಸೀವರುಗಳು: ಏಳು ಚಾನೆಲ್, ಹಿಂದುಗಡೆ ಎಣಿಸಲಾರದಷ್ಟು ತೂತು. ಡಬ್ಬದ ಮೇಲಿನ ದಪ್ಪ ಅಕ್ಷರದ ವ್ಯಾಟಿನ ಕೆಳಗೆ ಎಷ್ಟೋ ಸಲ ಸಣ್ಣ ಅಕ್ಷರದಲ್ಲಿ 6 ಓಮ್, ಒಂದೇ ಚಾನೆಲ್, ಶೇಕಡಾ 10 ವಿರೂಪ ಎಂಬ ಷರತ್ತುಗಳಿರುತ್ತವೆ. ಪಿ.ಎಂ.ಪಿ.ಒ. ಸ್ಟಿಕ್ಕರ್ ಕಿತ್ತುಹೋಗಿದ್ದರೂ ಅಂಟು ಇನ್ನೂ ಉಳಿದಿದೆ. ಎರಡೇ ಸ್ಪೀಕರಿನಲ್ಲಿ ಸಂಗೀತ ಕೇಳುವವರಿಗೆ ಎರಡೇ ಚಾನೆಲ್ಲಿನ ಸ್ಟೀರಿಯೋ ರಿಸೀವರ್ ಸಾಕು. ಯಮಹಾ, ಡೆನಾನ್, ಮರಾಂಟ್ಜ್, ಯಾವುದಾದರೂ ಸರಿ. ನೋಡಬೇಕಾದ್ದು, 8 ಓಮಿಗೆ ಎರಡೂ ಚಾನೆಲ್ ಒಟ್ಟಿಗೆ ಓಡುವಾಗ ಎಷ್ಟು ಕೊಡುತ್ತದೆ, ಸ್ಪೀಕರಿನ ಓಮ್ ನಾಲ್ಕಕ್ಕೆ ಇಳಿದರೆ ತಡೆದುಕೊಳ್ಳುತ್ತದೆಯೇ ಎಂಬುದನ್ನು.

ಒಂದೇ ವ್ಯಾಟ್ ಸಾಕೆಂದ ಮೇಲೆ ಐವತ್ತು ವ್ಯಾಟಿನ ರಿಸೀವರ್ ಯಾಕೆ ಎಂದು ಕೇಳುವವರಿಗೆ ಮೃದಂಗವೇ ಉತ್ತರ. ಆಲಾಪನೆ ಅರ್ಧ ವ್ಯಾಟಿನೊಳಗೆ ಹರಿಯುತ್ತಿರುತ್ತದೆ; ತನಿಯಲ್ಲಿ ಬಲಗೈಯ ಒಂದು ಚಾಪು ಸರಾಸರಿಗಿಂತ 20 ಡೆಸಿಬೆಲ್ ಮೇಲಕ್ಕೆ ಹಾರಿತೆಂದರೆ ಆ ಕ್ಷಣಕ್ಕೆ ನೂರು ಪಟ್ಟು ಶಕ್ತಿ ಬೇಕು. ಅದಿಲ್ಲದಿದ್ದರೆ ಏಟಿನ ತುದಿ ಕತ್ತರಿಸಿಹೋಗಿ ‘ಟಪ್’ ಎನ್ನುತ್ತದೆ. ಮೂರು ಡೆಸಿಬೆಲ್ ಹೆಚ್ಚು ಸೆನ್ಸಿಟಿವಿಟಿಯ ಸ್ಪೀಕರ್ ತಂದರೆ ಅರ್ಧದಷ್ಟು ವ್ಯಾಟಿನ ರಿಸೀವರ್ ಅದೇ ಕೆಲಸ ಮಾಡುತ್ತದೆ. ಆದ್ದರಿಂದ ನನ್ನ ಲೆಕ್ಕದಲ್ಲಿ ದುಡ್ಡಿನ ಎರಡು ಪಾಲು ಸ್ಪೀಕರಿಗೆ, ಒಂದು ಪಾಲು ರಿಸೀವರಿಗೆ. ರಿಸೀವರಿನೊಳಗೆ ರೇಡಿಯೋ ಉಚಿತ. ಡಬ್ಬದಲ್ಲಿ ಬರುವ ತಂತಿಯ ಏರಿಯಲ್ಲನ್ನು ಕಿಟಕಿಗೆ ಚಾಚಿದರೆ 102.9ರಲ್ಲಿ ವಿವಿಧ ಭಾರತಿ. ಸುರ್‌ ಎಂದರೆ ಸ್ಟೀರಿಯೋ ಬಿಟ್ಟು ಮೋನೋಗೆ ಒತ್ತಿದರಾಯಿತು. ಸಾವಿರಾರು ರೂಪಾಯಿಯ ಸ್ಪೀಕರ್ ಕೇಬಲ್ಲನ್ನು ಬೇಡವೆಂದು ಬಂದೆ. ವೈರಿಂಗ್ ಅಂಗಡಿಯ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕು, ಎರಡು ಕಡೆಯೂ ಪ್ಲಸ್ಸಿಗೆ ಪ್ಲಸ್ಸೇ ಸೇರಬೇಕು ಅಷ್ಟೆ. ಒಂದು ಕಡೆ ಅದಲುಬದಲಾದರೆ ಬೇಸ್ ಮಾಯವಾಗಿ, ಹಾಡುವವರು ಎಲ್ಲಿ ಕೂತಿದ್ದಾರೆಂದೇ ತಿಳಿಯುವುದಿಲ್ಲ.

ಮನೆಗೆ ಬಂದ ಮೇಲೆ ನಡೆಯುವುದು ರಾಜಕೀಯ. ಎರಡು ಸ್ಪೀಕರು, ಕೇಳುವ ತಲೆ ಸೇರಿ ಸಮಬಾಹು ತ್ರಿಕೋನವಾಗಬೇಕು, ಟ್ವೀಟರು ಕಿವಿಯ ಎತ್ತರಕ್ಕಿರಬೇಕು, ಹಿಂಗೋಡೆಯಿಂದ ಒಂದಡಿಯಾದರೂ ಮುಂದೆ ಬರಬೇಕು ಎಂದು ಪುಸ್ತಕ ಹೇಳುತ್ತದೆ. ಹಾಗೆ ಮುಂದೆ ಬಂದ ಸ್ಪೀಕರು ಗುಡಿಸುವವರಿಗೆ, ಒರೆಸುವವರಿಗೆ, ನವರಾತ್ರಿಯಲ್ಲಿ ಗೊಂಬೆ ಕೂರಿಸುವವರಿಗೆ ಅಡ್ಡ ಎಂದು ಮನೆ ಹೇಳುತ್ತದೆ. ಸಂಧಾನದಲ್ಲಿ ನನಗೆ ಮುಕ್ಕಾಲು ಅಡಿ ದಕ್ಕಿತು. ಹೊಳೆಯುವ ನೆಲದ ಮೇಲೆ ನವಲಗುಂದದ ಜಮಖಾನ ಹಾಸಿದ್ದಕ್ಕೆ ಮಾತ್ರ ಎರಡೂ ಪಕ್ಷಗಳ ಒಪ್ಪಿಗೆ ಸಿಕ್ಕಿತು. ಅವರಿಗೆ ಚೆಂದ, ನನಗೆ ‘ಟ್ರಿಂಗ್’ ಅರ್ಧಕ್ಕಿಳಿಯಿತು. ಉಳಿದರ್ಧಕ್ಕೆ ಎದುರು ಗೋಡೆಯ ಶೋಕೇಸನ್ನು ಒಳಕೋಣೆಗೆ ಕಳಿಸಿ ಪುಸ್ತಕದ ಕಪಾಟು ತಂದಿಟ್ಟೆವು. ಸದ್ದು ಚದುರಬೇಕಾದರೆ ಮೇಲ್ಮೈ ಏರುಪೇರಾಗಿರಬೇಕು. ಕನ್ನಡ ಸಾಹಿತ್ಯ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು: ಮಹಾಕಾವ್ಯದ ಪಕ್ಕದಲ್ಲೇ ಬೆರಳ ದಪ್ಪವಿಲ್ಲದ ಕವನ ಸಂಕಲನ.

ಆಮೇಲೂ ಜೆ.ಪಿ. ನಗರ ಸುಮ್ಮನಿರುವುದಿಲ್ಲ. ಪಕ್ಕದ ಮನೆಯ ಬೋರ್‌ವೆಲ್ ಮೋಟರು, ಕುಕ್ಕರಿನ ಮೂರು ಕೂಗು, ಸೊಪ್ಪಿನವರ ಧ್ವನಿಮುದ್ರಿತ ಕರೆ, ಕರೆಂಟು ಹೋದರೆ ಯು.ಪಿ.ಎಸ್. ಕೃಪೆಯಿಂದ ಸ್ಪೀಕರಿನೊಳಗೇ ಒಂದು ಗುಂಯ್. ಮೊದಮೊದಲು ಇವನ್ನೆಲ್ಲ ಮುಳುಗಿಸಲು ವಾಲ್ಯೂಮ್ ತಿರುಗಿಸುವ ಆಸೆಯಾಗುತ್ತದೆ. ಒಳ್ಳೆಯ ಸ್ಪೀಕರ್ ಬಂದ ಮೇಲೆ ಆ ಆಸೆ ತಾನಾಗಿ ಇಳಿಯಿತು. ಹಳೆಯ ಆಕಾಶವಾಣಿ ಧ್ವನಿಮುದ್ರಣದಲ್ಲಿ ವಿದ್ವಾಂಸರು ಪಲ್ಲವಿಗೆ ಮುಂಚೆ ಉಸಿರೆಳೆಯುವುದು, ಸಭೆಯಲ್ಲಿ ಯಾರೋ ಕೆಮ್ಮುವುದು, ಪಿಟೀಲಿನವರು ಮೆಲ್ಲಗೆ ‘ಭಲೆ’ ಎನ್ನುವುದು ಎಲ್ಲ ಕಡಿಮೆ ಸದ್ದಿನಲ್ಲೇ ಬಿಡಿಬಿಡಿಯಾಗಿ ಸಿಗುತ್ತವೆ. ಸ್ಪಷ್ಟವಾಗಿ ಕೇಳದ್ದನ್ನೇ ನಾವು ಜೋರು ಮಾಡಿಕೊಳ್ಳುತ್ತಿದ್ದೆವು ಎಂದು ನನಗನ್ನಿಸುತ್ತದೆ.

ಆದರೂ ಬಂದ ನೆಂಟರು ‘ಸ್ವಲ್ಪ ಸೌಂಡ್ ಕೊಡಿ’ ಎನ್ನುವುದು ತಪ್ಪಿಲ್ಲ. ಅವರಿಗೆ ನಾನು ಗುಂಡಿ ತಿರುಗಿಸುವುದಿಲ್ಲ, ಕುರ್ಚಿ ಮುಂದಕ್ಕೆಳೆದುಕೊಳ್ಳಿ ಎನ್ನುತ್ತೇನೆ. ಬಯಲಿನಲ್ಲಾದರೆ ಸ್ಪೀಕರಿನಿಂದ ಇರುವ ದೂರ ಅರ್ಧವಾದರೆ ನಾಲ್ಕು ಪಟ್ಟು ವ್ಯಾಟ್ ಕೊಟ್ಟಷ್ಟು ಲಾಭ. ಗೋಡೆಗಳ ನಡುವೆ ಲಾಭ ಸ್ವಲ್ಪ ಕಡಿಮೆ, ಆದರೆ ಕೋಣೆಯ ಗದ್ದಲ ಹಿಂದೆ ಸರಿದು ಹಾಡು ಮುಂದೆ ಬರುತ್ತದೆ. ಖರ್ಚು ಏನೂ ಇಲ್ಲ. ಟೈಲ್ಸಿಗೆ ಗೀರು ಬೀಳದಂತೆ ಕುರ್ಚಿಯ ಕಾಲಿಗೆ ಬಟ್ಟೆ ಸುತ್ತಿರಬೇಕು, ಅಷ್ಟೆ.