ಏಲಕ್ಕಿಯ ಕಂಪನ್ನರಸಿ ಸಕಲೇಶಪುರಕ್ಕೆ

ಹಾವೇರಿಯವರಾದ ನಮಗೆ ಏಲಕ್ಕಿ ಹೊಸದೇನಲ್ಲ. ಪೂಜ್ಯರ ಪುರಪ್ರವೇಶವಿರಲಿ, ಮನೆಯ ಮಂಗಲಕಾರ್ಯವಿರಲಿ, ನಮ್ಮೂರ ಏಲಕ್ಕಿ ಹಾರವಿಲ್ಲದೆ ಸನ್ಮಾನ ಪೂರ್ಣವಾಗದು. ಆದರೆ ನಮ್ಮ ಬಯಲಿನಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಹಿಂದೆ ಮಲೆನಾಡಿನಿಂದ ಬಂದ ಏಲಕ್ಕಿಯನ್ನು ಹಾವೇರಿಯ ಬಾವಿಯ ನೀರಿನಲ್ಲಿ ಅಂಟುವಾಳದೊಡನೆ ತೊಳೆದು, ಬಿಳುಪುಗೊಳಿಸಿ ಮಾರುತ್ತಿದ್ದರಂತೆ. ಹೆಸರು ನಮ್ಮೂರಿಗೆ ಬಂದಿತು. ಬೆವರು ಮಾತ್ರ ಮಲೆನಾಡಿನವರದು. ಆ ಮಲೆನಾಡನ್ನು ಕಣ್ಣಾರೆ ಕಾಣುವ ಯೋಗ ಕಳೆದ ವರ್ಷ ನನಗೆ ಒದಗಿತು.

ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಹಾರಕ್ಕೂ ಪಾಯಸಕ್ಕೂ ಏಲಕ್ಕಿ ಬೇಕಾಗಿತ್ತು. ಮಗಳನ್ನು ಕೊಟ್ಟಿರುವುದು ಸಕಲೇಶಪುರದ ಕಡೆಗೆ. “ಮೂಲದಲ್ಲಿಯೇ ಕೊಂಡರಾಯಿತು” ಎಂದು ಸೆಪ್ಟೆಂಬರ್ ತಿಂಗಳಿನಲ್ಲಿ ಹೊರಟೆ. ಹಾಸನದಿಂದ ಬಸ್ಸು ಆಲೂರು, ಬಾಳ್ಳುಪೇಟೆಗಳ ಕಡೆಯಿಂದ ಸಾಗಿದಂತೆ ಬಯಲು ಕರಗಿ ಬೆಟ್ಟಗಳು ಎದ್ದು ನಿಂತವು. ಕಾಫಿ ತೋಟಗಳ ನೆರಳುಮರಗಳಿಗೆ ಮೆಣಸಿನ ಬಳ್ಳಿಗಳು ತಬ್ಬಿಕೊಂಡಿದ್ದವು. ಹೇಮಾವತಿಯ ದಡದಲ್ಲಿ ಶ್ರೀ ಸಕಲೇಶ್ವರನ ದರ್ಶನ ಪಡೆದು ಪೇಟೆಗೆ ನಡೆದೆ.

ಸಾಂಬಾರ ಪದಾರ್ಥಗಳ ಅಂಗಡಿಗೆ ಕಾಲಿಟ್ಟೊಡನೆ ಮೂಗೇ ಮೊದಲು ಮಾತನಾಡಿತು. ಏಲಕ್ಕಿಯ ತಂಪು, ಕಾಳುಮೆಣಸಿನ ಖಾರ, ಒಣ ಶುಂಠಿಯ ಘಾಟು ಒಂದನ್ನೊಂದು ಮೀರಿಸುತ್ತಿದ್ದವು. ಒಬ್ಬ ರೈತರು ಮೆಣಸಿನ ಚೀಲ ಬಿಚ್ಚಿದರು. ವರ್ತಕರು ಲೀಟರಿನ ಅಳತೆಗೆ ಮೆಣಸನ್ನು ತುಂಬಿ ತೂಗಿದರು. ಕಾಳು ಗಟ್ಟಿಯಾಗಿದ್ದಷ್ಟೂ ಲೀಟರಿನ ತೂಕ ಹೆಚ್ಚು. ಜಳ್ಳಿದ್ದರೆ ತಕ್ಕಡಿಯೇ ಹೇಳಿಬಿಡುತ್ತದೆ.

ತುರ್ಕಿಯ ಇಸ್ತಾಂಬುಲಿನಲ್ಲಿ 1660ರ ದಶಕದಲ್ಲಿ ಕಟ್ಟಿದ ಸಾಂಬಾರ ಪೇಟೆಯೊಂದಿದೆ. ‘ಈಜಿಪ್ಟಿನ ಪೇಟೆ’ ಎಂದು ಅದಕ್ಕೆ ಹೆಸರು. ಅಲ್ಲಿನ ಮಳಿಗೆಗಳ ಬಾಡಿಗೆಯು ಪಕ್ಕದ ಮಸೀದಿಯ ನಿರ್ವಹಣೆಗೆ ಸಲ್ಲುತ್ತಿತ್ತಂತೆ. ದುಡಿಮೆಯ ಫಲದಲ್ಲೊಂದು ಪಾಲು ಸಮಾಜಕ್ಕೆ ಎಂಬ ಭಾವ ದಾಸೋಹವನ್ನು ಬಲ್ಲ ನಮಗೆ ದೂರದ್ದಲ್ಲ. ಆ ನಗರಕ್ಕೂ ಈ ಬೆಟ್ಟಗಳಿಗೂ ಒಂದು ಎಳೆಯ ನಂಟೂ ಇದೆ. ಸಕಲೇಶಪುರದ ಬಳಿ 1792ರಲ್ಲಿ ಎಂಟು ಮೂಲೆಯ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದ ಟಿಪ್ಪು ಸುಲ್ತಾನ್, ಅದಕ್ಕೂ ಮುನ್ನ 1786ರಲ್ಲಿ ಅದೇ ನಗರಕ್ಕೆ ರಾಯಭಾರಿಗಳನ್ನು ಕಳುಹಿಸಿದ್ದನು. ರಾಜಕೀಯದೊಡನೆ ಮೈಸೂರಿನ ಸರಕುಗಳ ವ್ಯಾಪಾರವೂ ಅವರ ಉದ್ದೇಶವಾಗಿತ್ತು.

ಇದನ್ನೆಲ್ಲ ನೆನೆಯುತ್ತ, ದಪ್ಪನೆಯ ಹಚ್ಚಹಸಿರು ಏಲಕ್ಕಿಯನ್ನು ಅಂಗೈಯಲ್ಲಿ ಹಿಡಿದು, “ನಿಮ್ಮ ಮಣ್ಣಿನ ಗುಣವೇ ಗುಣ!” ಎಂದೆ. ವರ್ತಕರು ನಕ್ಕು, “ಸ್ವಾಮೀ, ಇದು ಕೇರಳದ ಇಡುಕ್ಕಿಯದು. ನಮ್ಮ ಕಡೆಯದು ಈಗ ಬರುವುದೇ ಕಡಿಮೆ” ಎಂದರು. ನನ್ನ ಉತ್ಸಾಹ ಅಲ್ಲಿಯೇ ಇಳಿಯಿತು. ಏನನ್ನೂ ಕೊಳ್ಳದೆ ಬೀಗರ ಮನೆಗೆ ಹೋದೆ.

“ಬನ್ನಿ ಬೀಗರೇ, ಕಾರಣವನ್ನು ತೋಟದಲ್ಲಿಯೇ ತೋರಿಸುತ್ತೇನೆ” ಎಂದು ಅವರು ಕರೆದೊಯ್ದರು. ತೊರೆಯ ಬದಿಯ ದಟ್ಟ ನೆರಳಿನಲ್ಲಿ ಉಳಿದಿದ್ದುದು ಅರ್ಧ ಎಕರೆ ಮಾತ್ರ. ಇಲ್ಲಿಯದು ಮಲಬಾರ್ ತಳಿ. ಹೂಗೊಂಚಲು ಗಿಡದ ಬುಡದಿಂದ ಹೊರಟು ನೆಲದ ಮೇಲೆಯೇ ಹರಿಯುತ್ತದೆ. ಬಿಳಿಯ ಹೂವಿನೊಳಗೆ ನೇರಳೆಯ ಗೆರೆಗಳು. ಅವುಗಳ ಮೇಲೆ ಜೇನುನೊಣಗಳು. ಜೇನು ಬಾರದಿದ್ದರೆ ಕಾಯಿ ಕಚ್ಚದು. ಹೆಣ್ಣುಮಕ್ಕಳು ಮಳೆಯಲ್ಲಿ ಕುಳಿತು, ಬಲಿತ ಕಾಯಿಯನ್ನಷ್ಟೇ ಆರಿಸಿ ಕೀಳುತ್ತಿದ್ದರು. ಎಲ್ಲ ಕಾಯಿಯೂ ಒಮ್ಮೆಗೇ ಬಲಿಯದ ಕಾರಣ ತಿಂಗಳಿಗೊಮ್ಮೆಯಂತೆ ಹಲವು ಬಾರಿ ಕೊಯ್ಯಬೇಕು. ಸುಮಾರು ಐದು ಕಿಲೋ ಹಸಿಕಾಯಿ ಒಣಗಿದರೆ ಒಂದು ಕಿಲೋ ಏಲಕ್ಕಿ!

“ನಮ್ಮ ತಂದೆಯವರ ಕಾಲದಲ್ಲಿ ಕಣಿವೆಯೆಲ್ಲ ಏಲಕ್ಕಿಯೇ. ಮೊದಲು ಕಟ್ಟೆ ರೋಗ ತಿಂದಿತು, ಆಮೇಲೆ ಬೆಲೆ ತಿಂದಿತು” ಎಂದರು ಬೀಗರು. ಸಸ್ಯಹೇನು ಹರಡುವ ಆ ನಂಜಿಗೆ ಮದ್ದಿಲ್ಲ. ಎಲೆಯಲ್ಲಿ ತಿಳಿಯಾದ ಗೆರೆ ಮೂಡಿದ ಗಿಡವನ್ನು ಕಿತ್ತು ನಾಶಮಾಡುವುದೊಂದೇ ದಾರಿ. ಅತ್ತ, ಇಪ್ಪತ್ತನೆಯ ಶತಮಾನದಲ್ಲಷ್ಟೇ ಏಲಕ್ಕಿಯನ್ನು ಕಂಡ ಮಧ್ಯ ಅಮೆರಿಕದ ಗ್ವಾಟೆಮಾಲ ದೇಶವು ಅರಬ್ ನಾಡುಗಳ ಮಾರುಕಟ್ಟೆಯಲ್ಲಿ ನಮ್ಮನ್ನು ಹಿಂದಿಕ್ಕಿತು. ಕಾಫಿ ಮತ್ತು ಮೆಣಸು ಆ ಜಾಗವನ್ನು ತುಂಬಿದವು.

“ಈ ವರ್ಷ ಇದನ್ನೂ ತೆಗೆದು ಕಾಫಿ ಹಾಕುವುದೆಂದು ನಿಶ್ಚಯಿಸಿದ್ದೆ. ನಿಮ್ಮ ಮಗಳು ಬಿಡಲಿಲ್ಲ” ಎಂದು ಅವರು ನಕ್ಕರು. ಮಗಳು ತಲೆ ತಗ್ಗಿಸಿ, “ಅಪ್ಪಾಜಿ, ದೋಣಿಗಾಲಿನ ಸಂಶೋಧನಾ ಕೇಂದ್ರದಲ್ಲಿ ಕೇಳಿ ಬಂದಿದ್ದೇನೆ. ರೋಗದ ಗಿಡಗಳನ್ನು ಆಗಾಗ ಕಿತ್ತು, ಒಳ್ಳೆಯ ಸಸಿ ಹಾಕಿದರೆ ಉಳಿಸಿಕೊಳ್ಳಬಹುದು. ಹಾವೇರಿಯಲ್ಲಿ ಹುಟ್ಟಿದವಳು ನಾನು, ನನ್ನ ಕೈಯಿಂದಲೇ ಏಲಕ್ಕಿ ಕೀಳಿಸಬೇಡಿ ಎಂದು ಮಾವನವರನ್ನು ಬೇಡಿಕೊಂಡೆ” ಎಂದಳು. ನನಗೆ ಮಾತು ಹೊರಡಲಿಲ್ಲ.

ಹೊರಡುವಾಗ ಬೀಗಿತ್ತಿಯವರು ತಮ್ಮ ತೋಟದ ಒಂದು ಕಿಲೋ ಏಲಕ್ಕಿಯನ್ನು ಉಡಿ ತುಂಬಿದಂತೆ ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಕಾಯಿ ಪೇಟೆಯದಕ್ಕಿಂತ ಸಣ್ಣದು, ಬಣ್ಣವೂ ಮಾಸಲು. ಹಾರ ಕಟ್ಟುವವರು, “ಇದು ಅಷ್ಟು ಚೆಂದ ಕಾಣದು” ಎಂದರು. “ಇದೇ ಇರಲಿ” ಎಂದೆ.

ಗೃಹಪ್ರವೇಶದಂದು ಪೂಜ್ಯರ ಕೊರಳಿಗೆ ಆ ಹಾರವನ್ನು ಅರ್ಪಿಸಿದಾಗ ಮನೆಯೆಲ್ಲ ಕಂಪು ತುಂಬಿತು. ಹಾರವನ್ನು ಹಾಕುವ ನಾವು ದಾರದ ಬೆಡಗನ್ನು ನೋಡುತ್ತೇವೆ. ಮಳೆಯಲ್ಲಿ ನೆಲಕ್ಕೆ ಬಾಗಿ ಒಂದೊಂದೇ ಕಾಯಿ ಆರಿಸಿದವರ ಕಾಯಕವನ್ನು ಅಂದಿನಿಂದ ನಾನು ಮರೆತಿಲ್ಲ. ಈ ವರ್ಷವೂ ಆ ಅರ್ಧ ಎಕರೆಯಲ್ಲಿ ಹೂವು ಬಂದಿದೆಯೆಂದು ಮಗಳು ತಿಳಿಸಿದ್ದಾಳೆ.