ಪಟ್ಟಿಗೆ ಸಿಗದ ಸ್ವರ

'ಅಪಸ್ವರ' ಎಂಬ ಮಾತನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಅದು ಯಾರ ಸ್ವರಕ್ಕೆ 'ಅಪ' ಎಂದು ಕೇಳುವುದಿಲ್ಲ.

ಮೋರಟಗಿಯಲ್ಲಿರುವ ನನ್ನ ಮಾವ ಮೊಹರಮ್ಮಿನಲ್ಲಿ ರಿವಾಯತ್ ಹಾಡುವವರು. ಉಳಿದ ದಿನ ಕಡಕೋಳ ಮಡಿವಾಳಪ್ಪನವರ ತತ್ವಪದ. ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರೂ ಇದ್ದರಲ್ಲ, ಹಾಗಾಗಿ ನಮ್ಮ ಸೀಮೆಯಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. 'ಆಧಾರ ಶ್ರುತಿ' ಎಂಬ ಪದ ಮಾವನಿಗೆ ಗೊತ್ತಿಲ್ಲ. ಏಕತಾರಿಯ ಬಿರಡೆ ತಿರುವಿ, ಕೊರಳಿಗೆ ಹೊಂದಿದಲ್ಲಿ ತಂತಿ ನಿಲ್ಲಿಸುತ್ತಾರೆ. ಅದೇ ಅವರ 'ಸಾ'.

ರಜೆಗೆಂದು ಹೋಗಿದ್ದಾಗ, ಕೀಬೋರ್ಡ್ ಕಲಿಯುತ್ತಿರುವ ನನ್ನ ಮಗಳು ಅವರಿಗೆ ಸಾಥ್ ಕೊಡಲು ಕುಳಿತಳು. ಯಾವ ಪಟ್ಟಿ ಒತ್ತಿದರೂ ಕೂಡಲಿಲ್ಲ. "ಅಬ್ಬಾ, ನಾನಾ ಅಪಸ್ವರ ಹಾಡ್ತಾರೆ" ಎಂದಳು. ಮಾವ ಏಕತಾರಿ ಗೂಟಕ್ಕೆ ಹಾಕಿದರು. ಎರಡು ದಿನ ಮುಟ್ಟಲಿಲ್ಲ.

ಏಳು ಸ್ವರಗಳಲ್ಲಿ ಸಾ, ಪಾ ಕದಲುವುದಿಲ್ಲ. ರಿ, ಗ, ಧ, ನಿ ಇಳಿದು ಕೋಮಲವಾಗುತ್ತವೆ. ಮ ಏರಿ ತೀವ್ರವಾಗುತ್ತದೆ. ಒಟ್ಟು 12. ಆದರೆ ಸಾ ಎಲ್ಲಿ ನಿಲ್ಲಬೇಕೆಂಬುದನ್ನು ಹಾಡುವವರ ಕೊರಳು ಗೊತ್ತು ಮಾಡುತ್ತದೆ, ಕಾರ್ಖಾನೆಯಲ್ಲ. ಮಾವನ ಸಾ ಎರಡು ಪಟ್ಟಿಗಳ ನಡುವೆ ಇತ್ತು, ಅಷ್ಟೆ.

ಕೀಬೋರ್ಡಿನಲ್ಲಿ ಶ್ರುತಿ ಸರಿಸುವ ಗುಂಡಿ ಇತ್ತು. ಸರಿಸಿದೆವು. ಸಾ ಸೇರಿತು, ಪಾ ಸೇರಿತು. ಗಾಂಧಾರ ಮಾತ್ರ ತುಸು ಜಗಳ ತೆಗೆಯಿತು. ಕಾರಣವಿದೆ. ಕೀಬೋರ್ಡು ಸಪ್ತಕವನ್ನು 12 ಸಮಪಾಲು ಮಾಡುತ್ತದೆ. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುತ್ತ ನೆಲೆ ಬದಲಿಸುವ ಪಾಶ್ಚಾತ್ಯ ಹಾರ್ಮನಿಗೆ ಅದು ಅನುಕೂಲ. ನಮ್ಮದು ಒಂದೇ ಸಾ ಹಿಡಿದು ಪ್ರತಿ ಸ್ವರವನ್ನೂ ಅದರೊಡನೆ ಕೂಡಿಸುವ ಸಂಗೀತ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಸಾ ತಂತಿ ಮೀಟಿದರೆ ಅದರೊಳಗೇ ಸಣ್ಣಗೆ ಗಾಂಧಾರ ಕೇಳಿಸುತ್ತದೆ. ಸಾದ ಐದು ಪಟ್ಟು ಕಂಪನ ಅದು. ಕೀಬೋರ್ಡಿನ ಗಾಂಧಾರ ಅದಕ್ಕಿಂತ ಚೂರು ಮೇಲೆ. ಮಾವ ಹಾಡುತ್ತಿದ್ದುದು ತಂತಿಯೊಳಗಿನದನ್ನು.

ಈ ಜಗಳ ಹೊಸದಲ್ಲ. ಯುರೋಪಿನಿಂದ ಬಂದ ಹಾರ್ಮೋನಿಯಂ, ನಮ್ಮ ಕಡೆಯ ಪೇಟಿ, ಮೀಂಡ್ ನುಡಿಸಲಾರದು, ಶ್ರುತಿ ಕೂಡದು ಎಂಬ ಆಕ್ಷೇಪಕ್ಕೆ ಸಿಕ್ಕಿ 1940ರಲ್ಲಿ ಆಲ್ ಇಂಡಿಯಾ ರೇಡಿಯೋದಿಂದ ಹೊರಬಿತ್ತು. 1971ರ ಹೊತ್ತಿಗೆ ನಿಷೇಧ ಸಡಿಲವಾಯಿತು. ಭಜನೆ ಮೇಳಗಳು ಮಾತ್ರ ಪೇಟಿಯನ್ನು ಕೈಬಿಡಲೇ ಇಲ್ಲ. ಸರಿಯಾಗಿಯೇ ಮಾಡಿದವು ಎನ್ನುತ್ತೇನೆ. ಆದರೆ ಪೇಟಿಯನ್ನೇ ನ್ಯಾಯಾಧೀಶನ ಕುರ್ಚಿಗೆ ಕೂರಿಸುವುದು ಬೇರೆ. ವಿಜಯಪುರ ಆಳಿದ, 'ಕಿತಾಬ್-ಎ-ನೌರಸ್' ಬರೆದ ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಸುಮ್ಮನೆ ಇಟ್ಟದ್ದಿರಲಾರದು.

ಇಷ್ಟೆಲ್ಲ ಮಗಳಿಗೆ ಹೇಳಿದೆ. ಅವಳು ಕೀಬೋರ್ಡು ಎತ್ತಿಕೊಂಡು ಮತ್ತೆ ಅಜ್ಜನ ಬಳಿ ಹೋದಳು. "ಆ ಡಬ್ಬಿ ಹಂಗ ಇರ್ಲಿ ಬೇಟಾ, ಮೊದಲ ತಂತಿ ಮೀಟು" ಎಂದರು ಅವರು. ಈಗ ಅವಳ ಚಿಂತೆ, ಕ್ಲಾಸಿನಲ್ಲಿ ಟೀಚರ್ ನುಡಿಸುವ ಗಾಂಧಾರ ಸರಿ ಇಲ್ಲ ಎಂದು ಹೇಗೆ ಹೇಳುವುದು ಎಂಬುದು.