ಹಲ್ಲಿಗೂ ಬೇಕು ಎಲ್.ಪಿ.ಸಿ.

ಕೇಂದ್ರ ಸರಕಾರದ ಗುಮಾಸ್ತರಾದ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ವರ್ಗವಾದಾಗ ಕೊಡೆ ಮರೆತು ಹೊರಡಬಹುದು, ಕನ್ನಡಕ ಮರೆತು ಹೊರಡಬಹುದು, ಎಲ್.ಪಿ.ಸಿ. ಮರೆತು ಹೊರಡುವಂತಿಲ್ಲ. ಲಾಸ್ಟ್ ಪೇ ಸರ್ಟಿಫಿಕೇಟ್ ಎಂಬ ಆ ಕಾಗದ, ಹಳೆಯ ಕಚೇರಿಯಲ್ಲಿ ಕೊನೆಯ ಸಂಬಳವೆಷ್ಟು, ಕಡಿತವೆಷ್ಟು, ಸಾಲದ ಕಂತು ಎಷ್ಟು ಬಾಕಿ ಎಂದು ಹೇಳದೆ ಹೊಸ ಕಚೇರಿಯಲ್ಲಿ ಸಂಬಳ ಹುಟ್ಟುವುದಿಲ್ಲ. 2023ರ ಜೂನಿನಲ್ಲಿ ಬಡ್ತಿಯ ಮೇಲೆ ಬೆಂಗಳೂರಿನಿಂದ ಬಂದು ವಡಾಲದ ಆಂಟಾಪ್ ಹಿಲ್ ಕ್ವಾರ್ಟರ್ಸ್ ಸೇರಿದಾಗ ನಮ್ಮ ಎಲ್.ಪಿ.ಸಿ., ಮಗಳ ಟಿ.ಸಿ., ಗ್ಯಾಸಿನ ಕಾಗದ ಎಲ್ಲವೂ ಒಂದೇ ಫೈಲಿನಲ್ಲಿದ್ದವು. ಮರೆತು ಬಂದದ್ದು ಮಗಳ ಹಲ್ಲಿನ ಕಾಗದಪತ್ರ.

ಆಕೆಗೆ ಆಗ ಹದಿಮೂರು. ಮೇಲಿನ ಹಲ್ಲು ಮುಂದೆ ಬಂದಿದ್ದುದರಿಂದ ಬೆಂಗಳೂರಿನ ದಂತವೈದ್ಯರೊಬ್ಬರು ಎರಡು ಪಕ್ಕದಲ್ಲೂ ಒಂದೊಂದು ಹಲ್ಲು ಕಿತ್ತು ತಂತಿ ಕಟ್ಟಿದ್ದರು. ಎರಡು ವರ್ಷದ ಕೆಲಸ, ಹತ್ತು ತಿಂಗಳಾಗಿತ್ತು. ರಿಯಾಯಿತಿ ಸಿಗುತ್ತದೆಂಬ ಆಸೆಗೆ ಹಣವನ್ನು ಮೊದಲೇ ಪೂರ್ತಿ ಕೊಟ್ಟಿದ್ದೆವು. ಕೊಟ್ಟ ದುಡ್ಡು ಬಿಡಬಾರದೆಂದು ಜುಲೈ, ಆಗಸ್ಟ್ ಎರಡು ತಿಂಗಳೂ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕುಳಿತು ಹೋಗಿ, ಹತ್ತು ನಿಮಿಷ ತಂತಿ ಬಿಗಿಸಿಕೊಂಡು ಬಂದೆವು. ನಮ್ಮ ರಜೆಯೂ ಮುಗಿಯಿತು; ರಿಯಾಯಿತಿಯಲ್ಲಿ ಉಳಿದದ್ದಕ್ಕಿಂತ ಹೆಚ್ಚು ಟಿಕೆಟ್ಟಿಗೇ ಆಯಿತು.

ಗಣೇಶನ ಹಬ್ಬದ ಚಕ್ಕುಲಿ ಕಡಿಯುವಾಗ ಒಂದು ಬ್ರ್ಯಾಕೆಟ್ ಕಿತ್ತುಬಂತು. ಹತ್ತಿರದ ವೈದ್ಯರೊಬ್ಬರು, “ಬೇರೆಯವರು ಶುರುಮಾಡಿದ ಕೆಲಸ, ನಾನು ಮುಟ್ಟುವುದಿಲ್ಲ” ಎಂದರು. ಇನ್ನೊಬ್ಬರು ಎಲ್ಲವನ್ನೂ ಕಿತ್ತು ಮೊದಲಿನಿಂದ ಕಟ್ಟೋಣವೆಂದು ಹೇಳಿದ ಮೊತ್ತ ಕೇಳಿ ನಮ್ಮ ಹಲ್ಲೇ ಅಲುಗಿತು. ನೋಡೋಣ, ನೋಡೋಣ ಎನ್ನುತ್ತ ನಾಲ್ಕು ತಿಂಗಳು ತಳ್ಳಿದೆವು.

ಆ ನಾಲ್ಕು ತಿಂಗಳಲ್ಲಿ ಮಗಳು ಮಾತು ಕಡಿಮೆ ಮಾಡಿದಳು. ಹೊಸ ಊರು, ಹಿಂದಿ ಮರಾಠಿ ನಾಲಿಗೆಗೆ ಹತ್ತಿಲ್ಲ, ದಿನ ಕಳೆದರೆ ಸರಿಹೋಗುತ್ತಾಳೆ ಎಂದುಕೊಂಡೆವು. ಒಂದು ಭಾನುವಾರ ಫೈವ್ ಗಾರ್ಡನ್ಸಿನಲ್ಲಿ ಕುಳಿತಿದ್ದಾಗ ಯಾವುದೋ ಮಾತಿಗೆ ನಗು ಬಂದು, ತಟ್ಟನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಮನೆಯಾಕೆ ಕೈ ಸರಿಸಿ ನೋಡಿದರೆ ಒಂದು ಪಕ್ಕದ ಸಂದು ಹಾಗೆಯೇ ಇದ್ದು, ಅದರ ಬದಿಯ ಹಲ್ಲು ವಾಲಿಕೊಂಡಿತ್ತು.

“ಅಪ್ಪಾ, ವರ್ಗ ಆದದ್ದು ನಿಮಗೆ. ನನ್ನ ಹಲ್ಲಿಗೆ ಯಾಕೆ ಶಿಕ್ಷೆ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಮರುವಾರವೇ ಹಾರ್ಬರ್ ಗಾಡಿ ಹಿಡಿದು ಸಿ.ಎಸ್.ಎಂ.ಟಿ.ಯಲ್ಲಿ ಇಳಿದು, ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದ ಸರಕಾರಿ ದಂತ ಮಹಾವಿದ್ಯಾಲಯದ ಸಾಲಿನಲ್ಲಿ ನಿಂತೆವು. ಅಲ್ಲಿನ ವೈದ್ಯೆ ನಮ್ಮನ್ನು ಗದರಲಿಲ್ಲ, ಹಿಂದಿನವರನ್ನು ಹಳಿಯಲೂ ಇಲ್ಲ. 1899ರಲ್ಲಿ ಅಮೆರಿಕದ ಎಡ್ವರ್ಡ್ ಆಂಗಲ್ ಮಾಡಿದ ವಿಂಗಡಣೆಯಂತೆ ಇದು ‘ಕ್ಲಾಸ್ ಟೂ’ ಎಂದರು. ತಂದೆ ಹಳೆಯ ಲೆಕ್ಕದಲ್ಲಿ ಕ್ಲಾಸ್ ತ್ರೀ ನೌಕರ. ಮಗಳಾದರೂ ಒಂದು ಮೆಟ್ಟಿಲು ಮೇಲಿದ್ದಾಳೆ ಎಂದುಕೊಂಡೆವು. ಆದರೆ ಮುಂದಿನ ಪ್ರಶ್ನೆಗೆ ಬಾಯಿ ಕಟ್ಟಿತು. “ಶುರುವಿನ ಫೋಟೋ, ಹಲ್ಲಿನ ಪ್ಲಾಸ್ಟರ್ ಅಚ್ಚು, ಎಕ್ಸ್‌ರೇ, ಯಾವ ತಂತಿ ಯಾವಾಗ ಹಾಕಿದರೆಂಬ ಟಿಪ್ಪಣಿ ಎಲ್ಲಿ?”

ಬ್ರ್ಯಾಕೆಟ್ಟಿನಲ್ಲಿ ತಂತಿ ಕೂರುವ ಸೀಳು 0.018 ಅಂಗುಲದ್ದೂ ಉಂಟು, 0.022 ಅಂಗುಲದ್ದೂ ಉಂಟು. ವ್ಯತ್ಯಾಸ ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಆದರೂ ದೊಡ್ಡ ಸೀಳಿಗೆಂದು ಮಾಡಿದ ದಪ್ಪ ತಂತಿ ಚಿಕ್ಕದರಲ್ಲಿ ಇಳಿಯದು. ಹಲ್ಲು ಸರಿಯುವುದೇ ತಿಂಗಳಿಗೆ ಸುಮಾರು ಒಂದು ಮಿಲಿಮೀಟರು. ಒತ್ತಿದ ಕಡೆ ಮೂಳೆ ಕರಗಬೇಕು, ಬಿಟ್ಟ ಕಡೆ ಹೊಸ ಮೂಳೆ ಬೆಳೆಯಬೇಕು. ಎಲ್ಲಿಂದ ಹೊರಟಿತು, ಎಲ್ಲಿಗೆ ಒಯ್ಯುವುದೆಂದು ಹಿಂದಿನವರು ಎಣಿಸಿದ್ದರು ಎಂಬುದು ತಿಳಿಯದೆ ಮುಂದಿನವರು ಕೈಯಿಡುವುದು ಹೇಗೆ? ಬಿ.ಎಸ್‌ಸಿ. ಓದಿದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು.

ಬೆಂಗಳೂರಿಗೆ ಫೋನು ಮಾಡಿದರೆ “ನೋಡ್ತೀವಿ ಸಾರ್” ಎಂಬ ಉತ್ತರದಲ್ಲೇ ಮೂರು ವಾರ ಕಳೆಯಿತು. ಕೊನೆಗೆ ನಮಗೆ ಬರುವ ಒಂದೇ ವಿದ್ಯೆಯನ್ನು ಬಳಸಿದೆವು. ವಿಷಯ, ಉಲ್ಲೇಖ, ಬೇಕಾದ ದಾಖಲೆಗಳ ಪಟ್ಟಿ ಬರೆದು, ರಸೀದಿಯ ನಕಲು ಲಗತ್ತಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಹತ್ತು ದಿನದಲ್ಲಿ ಪೊಟ್ಟಣ ಬಂತು. ಅಚ್ಚಿನ ಒಂದು ಮೂಲೆ ಮುಕ್ಕಾಗಿತ್ತು, ಉಳಿದದ್ದೆಲ್ಲ ಇತ್ತು. ಹಣ ಮಾತ್ರ ಒಂದು ಪೈಸೆಯೂ ಮರಳಲಿಲ್ಲ. ಎಲ್ಲವನ್ನೂ ನೋಡಿದ ವೈದ್ಯೆ, ಕೀಳುವ ಅಗತ್ಯವಿಲ್ಲ, ಬಿದ್ದದ್ದನ್ನು ಅಂಟಿಸಿ ಮುಂದುವರಿಸೋಣ ಎಂದಾಗ ಮನೆಯಾಕೆ ಅಲ್ಲಿಯೇ ಕಣ್ಣೊರೆಸಿಕೊಂಡಳು.

2025ರ ದೀಪಾವಳಿಗೆ ಮುಂಚೆ ತಂತಿ ಬಿಚ್ಚಿದರು. ಎರಡು ವರ್ಷದ್ದು ಮೂರು ವರ್ಷವಾಯಿತು. ರಾತ್ರಿ ಹೊತ್ತು ರಿಟೇನರ್ ಹಾಕಿಕೊಳ್ಳಬೇಕು. ಜಾಗ ಬಿಟ್ಟ ಹಲ್ಲಿಗೆ ಹಳೆಯ ಜಾಗಕ್ಕೇ ಮರಳುವ ಚಪಲವಂತೆ. “ಥೇಟ್ ನಮ್ಮ ಹಾಗೆ” ಎಂದಳು ಮನೆಯಾಕೆ.

ಇದನ್ನು ಓದುವ ನಮ್ಮವರಲ್ಲಿ ವರ್ಗದ ಆರ್ಡರಿಗೆ ಕಾಯುತ್ತಿರುವವರು ಇದ್ದೇ ಇರುತ್ತಾರೆ. ಮಕ್ಕಳ ಬಾಯಲ್ಲಿ ತಂತಿಯಿದ್ದರೆ ಹಣವನ್ನು ಕಂತಿನಲ್ಲಿ ಕೊಡಿ. ಸಾಮಾನು ಕಟ್ಟುವ ಮೊದಲು ಫೋಟೋ, ಅಚ್ಚು, ಎಕ್ಸ್‌ರೇ, ಟಿಪ್ಪಣಿ ಕೇಳಿ ಪಡೆಯಿರಿ. ಹೋಗುವ ಊರಿನ ವೈದ್ಯರನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಿ. ಕಳೆದ ಹಣದ ಮಾತು ಬಿಡಿ. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಕಳೆದ ಆ ನಾಲ್ಕು ತಿಂಗಳ ಅರಿಯರ್ಸ್ ಬಿಲ್ಲು ಯಾವ ಕಚೇರಿಯಲ್ಲೂ ಪಾಸಾಗುವುದಿಲ್ಲ.